ಅಕ್ಷತೆ ಹಾಕಿ ನೋಡಿ

ನನ್ನ ಹೆಂಡತಿಯ ತಮ್ಮನ ಮದುವೆಯ ಆಲ್ಬಮ್ಮಿನಲ್ಲಿ ನಾನು ಹನ್ನೊಂದು ಚಿತ್ರಗಳಲ್ಲಿ ಇದ್ದೇನೆ. ಹನ್ನೊಂದರಲ್ಲೂ ಕೋಟಿನ ಎಡತೋಳಿನ ತುದಿಯಲ್ಲಿ ಕಂಪನಿಯ ಲೇಬಲ್ ಎದ್ದು ಕಾಣುತ್ತದೆ. ಅದು ಅಂಗಡಿಯವರ ಗುರುತಿಗೆಂದು ನಾಲ್ಕು ಹೊಲಿಗೆ ಹಾಕಿ ನಿಲ್ಲಿಸಿದ್ದು, ಮನೆಗೆ ತಂದ ಮೇಲೆ ಬಿಚ್ಚಿ ಎಸೆಯಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಕೊಟ್ಟ ದುಡ್ಡಿಗೆ ಅದೇ ರಸೀತಿ ಎಂಬಂತೆ ಮುಂಗೈ ಚಾಚಿಕೊಂಡೇ ನಿಂತಿದ್ದೆ. ಹಿಂದಿನಿಂದ ತೆಗೆದ ಒಂದು ಚಿತ್ರದಲ್ಲಿ ಇನ್ನೊಂದು ಸಂಗತಿಯೂ ಇದೆ. ಕೋಟಿನ ಬೆನ್ನಿನ ಸೀಳಿಗೆ ಅಡ್ಡಲಾಗಿ ಗುಣಾಕಾರದ ಚಿಹ್ನೆಯಂಥ ಬಿಳಿ ದಾರ. ಅದನ್ನೂ ಬಿಚ್ಚಬೇಕಿತ್ತು. ಜೇಬುಗಳ ಬಾಯಿಯನ್ನೂ ಹೊಲಿದಿದ್ದರು. ಅವು ಬರೀ ತೋರಿಕೆಯ ಜೇಬುಗಳೆಂದು ತಿಳಿದು ಸಂಜೆಯೆಲ್ಲ ಮೊಬೈಲನ್ನೂ ಬೈಕಿನ ಕೀಲಿಯನ್ನೂ ಕೈಯಲ್ಲೇ ಹಿಡಿದುಕೊಂಡು ತಿರುಗಿದೆ.

ಹನ್ನೊಂದು ಸಾವಿರ ಕೊಟ್ಟಿದ್ದ ಆ ರೆಡಿಮೇಡ್ ಕೋಟು ಎರಡನೆಯ ಮದುವೆಗೆ ಉಳಿಯಲಿಲ್ಲ. ಮಳೆಯಲ್ಲಿ ನೆನೆಯಿತೆಂದು ಲಾಂಡ್ರಿಗೆ ಹಾಕಿದೆ. ಬಂದಾಗ ಎದೆಯ ಭಾಗದಲ್ಲಿ, ಕಾಯಿಸಿದ ಹಪ್ಪಳದ ಮೇಲೆ ಏಳುವಂತೆ, ಸಣ್ಣ ಸಣ್ಣ ಗುಳ್ಳೆಗಳು ಎದ್ದಿದ್ದವು. ಇಸ್ತ್ರಿ ಹಾಕಿದರೆ ಕೂರುತ್ತಿದ್ದವು, ತಣಿದರೆ ಮತ್ತೆ ಏಳುತ್ತಿದ್ದವು. ಏಕೆ ಹಾಗಾಯಿತು ಎಂಬುದು ತಿಳಿದದ್ದು ಬಹಳ ದಿನಗಳ ಮೇಲೆ, ಬೇರೆಯವರಿಂದ.

ಈ ವರ್ಷದ ವೈಶಾಖದಲ್ಲಿ ಅಕ್ಕನ ಮಗಳ ಮದುವೆ ಎಂದು ಜನವರಿಯಲ್ಲೇ ಗೊತ್ತಾಯಿತು. ನಾನು ಸೋದರಮಾವ. ಧಾರೆಯ ಹೊತ್ತಿಗೆ ಪಂಚೆ, ಶಲ್ಯ. ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಹಿಂದಿನ ಸಂಜೆಯ ಆರತಕ್ಷತೆಗೆ ಮಾತ್ರ ಕೋಟು ಹಾಕಲೇಬೇಕು ಎಂದು ಮದುಮಗಳೇ ಫೋನು ಮಾಡಿ ಹೇಳಿದಳು. ಜೊತೆಗೆ ಒಂದು ಮಾತು ಸೇರಿಸಿದಳು: "ಮಾವ, ಈ ಸಲ ಲೇಬಲ್ ಬಿಚ್ಚಿಬಿಡಿ." ಅಂದರೆ ಇಡೀ ಬಳಗಕ್ಕೆ ಗೊತ್ತಿತ್ತು. ನನಗೊಬ್ಬನಿಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ನಾನು ಗಂಭೀರ ವಿದ್ಯಾರ್ಥಿಯಾದೆ. ನಲವತ್ತಾರು ವರ್ಷ, ಶಿವಮೊಗ್ಗದ ಒಂದು ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕಿಗ, ದಿನಾ ಭದ್ರಾವತಿಯಿಂದ ಓಡಾಟ. ಬಸ್ಸಿನಲ್ಲಿ ಹೋಗಿಬರುವ ಹೊತ್ತೆಲ್ಲ ಸಭ್ಯ ಗಂಡಸು ಹೇಗಿರಬೇಕು ಎಂಬ ಉಪದೇಶಗಳನ್ನು ಮೊಬೈಲಿನಲ್ಲಿ ಓದಿದೆ, ನೋಡಿದೆ. ಬೆಳಗ್ಗೆ ಐದಕ್ಕೆ ಏಳಬೇಕು, ತಣ್ಣೀರು ಸುರಿದುಕೊಳ್ಳಬೇಕು, ಕನ್ನಡಿಯ ಮುಂದೆ ನಿಂತು ತನ್ನ ಗುರಿಗಳನ್ನು ತಾನೇ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಮೊದಲನೆಯದನ್ನು ಹದಿನೈದು ದಿನ ಮಾಡಿದೆ. ಎರಡನೆಯದಕ್ಕೆ ನೆಗಡಿ ಬಂತು. ಮೂರನೆಯದನ್ನು ಮಗ ಕೇಳಿಸಿಕೊಂಡುಬಿಟ್ಟ. ಮುಖದ ಆಕಾರ ನೋಡಿ ಗಡ್ಡದ ಆಕಾರ ಆರಿಸಿಕೊಳ್ಳಬೇಕಂತೆ: ಚೌಕ ಮುಖ, ಉದ್ದ ಮುಖ, ವಜ್ರದ ಮುಖ. ನನ್ನದು ಯಾವುದು ಎಂದು ಹೆಂಡತಿಯನ್ನು ಕೇಳಿದೆ. "ರೀ, ನಿಮ್ಮದು ಮುದ್ದೆ," ಎಂದಳು. ಅಲ್ಲಿಗೆ ಗಡ್ಡದ ಅಧ್ಯಾಯ ಮುಗಿಯಿತು.

ಎಲ್ಲವೂ ದಂಡವಾಯಿತು ಎನ್ನಲಾರೆ. ಸ್ನಾನ ಮುಗಿಸಿ, ಕೂದಲು ನೆನೆದು ಮೆತ್ತಗಾದ ಮೇಲೆ, ಅದು ಬೆಳೆಯುವ ದಿಕ್ಕಿನಲ್ಲೇ ಕ್ಷೌರ ಮಾಡಿಕೊಂಡರೆ ಕತ್ತಿನಲ್ಲಿ ಉರಿ ಏಳುವುದಿಲ್ಲ. ಇಪ್ಪತ್ತೈದು ವರ್ಷ ಉಲ್ಟಾ ಎಳೆದುಕೊಂಡು ಬಂದಿದ್ದೆ. ಬೂಟನ್ನು ಸಂಜೆಯ ಹೊತ್ತು ಕೊಳ್ಳಬೇಕು, ಏಕೆಂದರೆ ದಿನವಿಡೀ ನಡೆದು ಪಾದ ಸ್ವಲ್ಪ ಊದಿರುತ್ತದೆ. ಬೆಳಗ್ಗೆ ಸರಿಯಾದ ಬೂಟು ಸಂಜೆಗೆ ಕಚ್ಚುತ್ತದೆ. ಇದೂ ನಿಜ. ಆದರೆ ಅರ್ಧಕ್ಕರ್ಧ ಉಪದೇಶ ಹಿಮ ಬೀಳುವ ನಾಡಿನವರು ಬರೆದದ್ದು. ಅಂಗಿಯ ಮೇಲೆ ವೇಸ್ಟ್‌ಕೋಟು, ಅದರ ಮೇಲೆ ಕೋಟು, ಅದರ ಮೇಲೆ ದೊಡ್ಡ ಕೋಟು. ಮೇ ತಿಂಗಳ ಕಲ್ಯಾಣಮಂಟಪದಲ್ಲಿ, ಜನರೇಟರ್ ಕೈಕೊಟ್ಟಾಗ, ಸಭ್ಯ ಗಂಡಸು ಏನು ಮಾಡಬೇಕು ಎಂದು ಯಾರೂ ಬರೆದಿರಲಿಲ್ಲ.

ನನ್ನ ಯೋಜನೆ ಹೀಗಿತ್ತು: ಮಾರ್ಚ್ ಒಳಗೆ ಆರು ಕಿಲೋ ಇಳಿಯುವುದು, ಎದೆ ಉಬ್ಬಿಸಿ ನಡೆಯುವುದನ್ನು ರೂಢಿಸಿಕೊಳ್ಳುವುದು, ಆಮೇಲೆ ಅಳತೆ ಕೊಡುವುದು. ನನ್ನ ಸಹೋದ್ಯೋಗಿಯೊಬ್ಬರು ನಕ್ಕು, "ನೀವು ಇಳಿಯುವಷ್ಟರಲ್ಲಿ ಮದುವೆ ಮುಗಿದು ಸೀಮಂತ ಬಂದಿರುತ್ತದೆ," ಎಂದು ಗಾಂಧಿ ಬಜಾರಿನ ಒಳಗಲ್ಲಿಯೊಂದರ ದಾರಿ ಹೇಳಿದರು.

ಪಾತ್ರೆ ಅಂಗಡಿಯ ಪಕ್ಕದಲ್ಲಿ ಕಿರಿದಾದ ಮರದ ಮೆಟ್ಟಿಲು. ಮೇಲೆ ಒಂದೇ ಕೋಣೆ. ಒಂದು ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಕಬ್ಬಿಣದ ಭಾರೀ ಇಸ್ತ್ರಿ ಪೆಟ್ಟಿಗೆ, ಆಳೆತ್ತರದ ಕನ್ನಡಿ. ಮಾಸ್ಟರ್‌ಗೆ ಎಪ್ಪತ್ತರ ಹತ್ತಿರ. ಹದಿನೈದನೆಯ ವಯಸ್ಸಿನಲ್ಲಿ ಬೆಂಗಳೂರಿನ ದಂಡಿನ ಪ್ರದೇಶದ ಒಂದು ಅಂಗಡಿಯಲ್ಲಿ ಗುಂಡಿ ಹಚ್ಚುವ ಹುಡುಗನಾಗಿ ಸೇರಿ ಕೆಲಸ ಕಲಿತವರು. ನಾನು ಆರು ಕಿಲೋ ಇಳಿಯುವ ಯೋಜನೆಯನ್ನು ವಿವರಿಸಿದೆ. ಅವರು ತಲೆಯಾಡಿಸಿ ಕೇಳಿಸಿಕೊಂಡು, "ಇಳಿದವರು ಬಂದಾಗ ಅವರಿಗೂ ಹೊಲಿಯೋಣ. ಈಗ ಬಂದವರದ್ದು ಅಳತೆ ಕೊಡಿ," ಎಂದು ಟೇಪು ಎತ್ತಿಕೊಂಡರು.

ಟೇಪು ಕಂಡ ಕೂಡಲೇ ನಾನು ಶಾಲೆಯ ಡ್ರಿಲ್ಲಿನ ಹಾಗೆ ನೆಟ್ಟಗೆ ನಿಂತೆ. ಹೊಟ್ಟೆ ಒಳಗೆ, ಎದೆ ಹೊರಗೆ. ಅವರು ಅಳೆಯಲೇ ಇಲ್ಲ. ಟೇಪನ್ನು ಕೊರಳಿಗೆ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, ಬ್ಯಾಂಕಿನಲ್ಲಿ ಚಿನ್ನದ ಸಾಲಕ್ಕೆ ಈಗ ಬಡ್ಡಿ ಎಷ್ಟು ಎಂದು ಕೇಳಿದರು. ಹೇಳಿದೆ. ಮೊಮ್ಮಗಳ ಹೆಸರಿನಲ್ಲಿ ಠೇವಣಿ ಇಟ್ಟರೆ ಏನು ದಾಖಲೆ ಬೇಕು ಎಂದರು. ಅದನ್ನೂ ಹೇಳುತ್ತ ಹೋದೆ. ಎರಡು ಮೂರು ನಿಮಿಷ ಕಳೆದಿರಬೇಕು, ಎದ್ದು ನನ್ನ ಹಿಂದೆ ಬಂದು ನಿಂತು, "ಹಾಂ, ಈಗ ನಿಂತಿದ್ದೀರಲ್ಲ, ಇದು ನೀವು," ಎಂದು ಟೇಪು ಹಚ್ಚಿದರು.

ಆಗ ಅವರು ಸಹಾಯಕನಿಗೆ ಒದರಿದ ಸಂಖ್ಯೆಗಳ ನಡುವೆ ನಡುವೆ ಕೆಲವು ಮಾತುಗಳೂ ಇದ್ದವು. "ಬಲಭುಜ ಅರ್ಧ ಇಂಚು ಕೆಳಗೆ." "ಬೆನ್ನು ಬಾಗಿದೆ, ಹಿಂದೆ ಉದ್ದ ಬಿಡು, ಮುಂದೆ ಕಡಿಮೆ." "ಕುತ್ತಿಗೆ ಮುಂದಕ್ಕೆ." ಕನ್ನಡಿಯ ಮುಂದೆ ನಿತ್ಯ ತಲೆ ಬಾಚಿಕೊಳ್ಳುವ ಮನುಷ್ಯ ನಾನು, ನನ್ನ ಒಂದು ಭುಜ ಇನ್ನೊಂದಕ್ಕಿಂತ ಕೆಳಗಿದೆ ಎಂಬುದನ್ನು ನಲವತ್ತಾರು ವರ್ಷ ಕಂಡಿರಲಿಲ್ಲ. "ಯಾವ ಕೈಯಲ್ಲಿ ಚೀಲ ಹಿಡಿಯುತ್ತೀರಿ?" ಎಂದು ಕೇಳಿದರು. ಬಲಗೈ. ಬಸ್ಸಿನಲ್ಲೂ ಬಲಹೆಗಲಿಗೇ. ಬೆನ್ನಿನ ಮಾತಂತೂ ಕೇಳಬೇಕಾಗಿರಲಿಲ್ಲ. ಬಗ್ಗಿ ಬಗ್ಗಿ ಲೆಡ್ಜರು, ಆಮೇಲೆ ಕಂಪ್ಯೂಟರು. ಬೆನ್ನು ಬಾಗಿದವನಿಗೆ ನೆಟ್ಟಗಿನ ದೇಹದ ಅಳತೆಯಲ್ಲಿ ಕೋಟು ಹೊಲಿದರೆ ಅದು ಹಿಂದೆ ಮೇಲಕ್ಕೆ ಎಗರಿ, ಮುಂದೆ ಜೋತು ಬೀಳುತ್ತದೆ. ಆಲ್ಬಮ್ಮಿನ ಚಿತ್ರಗಳಲ್ಲಿ ಆಗಿರುವುದು ಅದೇ. ಇಷ್ಟು ದಿನ ಛಾಯಾಗ್ರಾಹಕನ ತಪ್ಪೆಂದುಕೊಂಡಿದ್ದೆ.

ಬಟ್ಟೆಯ ಅಂಗಡಿಗೆ ಅವರೇ ಚೀಟಿ ಬರೆದು ಕಳಿಸಿದರು: ದೊಡ್ಡ ಪನ್ನದ ಬಟ್ಟೆಯಲ್ಲಿ ಮೂರೂಕಾಲು ಮೀಟರು. ಅಂಗಡಿಯವನು ಸೂಪರ್ 100, ಸೂಪರ್ 120 ಎಂದು ಮೇಲೆ ಮೇಲೆ ಏರುತ್ತಲೇ ಹೋದ, ಬೆಲೆಯೂ ಏರಿತು. ಆ ಸಂಖ್ಯೆ ಉಣ್ಣೆಯ ಎಳೆ ಎಷ್ಟು ನಯ ಎಂಬುದರ ಗುರುತೇ ಹೊರತು ಬಾಳಿಕೆಯ ಗುರುತಲ್ಲ. ಸೂಪರ್ 100 ಎಂದರೆ ಎಳೆಯ ದಪ್ಪ ಹೆಚ್ಚೆಂದರೆ 18.75 ಮೈಕ್ರಾನ್, ಮುಂದೆ ಪ್ರತಿ ಹತ್ತಕ್ಕೆ ಅರ್ಧ ಮೈಕ್ರಾನ್ ಇಳಿಯುತ್ತದೆ. ಎಳೆ ನಯವಾದಷ್ಟೂ ಬಟ್ಟೆ ನುಣುಪು, ಸುಕ್ಕೂ ಬೇಗ. ಭದ್ರಾವತಿಯ ಬಸ್ಸಿಗೆ ಅದು ಆಗದ ಮಾತು. ಮಾಸ್ಟರ್ ಹೇಳಿಕೊಟ್ಟಿದ್ದ ಹಾಗೆ ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕಿ, ಹತ್ತು ಎಣಿಸಿ ಬಿಟ್ಟು ನೋಡಿದೆ. ಪಾಲಿಯೆಸ್ಟರ್ ಹೆಚ್ಚಿದ್ದದ್ದು ಸುಕ್ಕಾಗಲಿಲ್ಲ ನಿಜ, ಆದರೆ ಅಂಗೈ ಬೆವೆತಿತು. ಕೊನೆಗೆ ಉಣ್ಣೆಯ ಪಾಲು ಹೆಚ್ಚಿರುವ ಒಂದು ಮಿಶ್ರಣ, ಮೀಟರಿಗೆ 250 ಗ್ರಾಂ ತೂಗುವುದು, ನಿಶ್ಚಯವಾಯಿತು. ಬಣ್ಣದಲ್ಲಿ ನನಗೆ ಕಪ್ಪಿನ ಮೇಲೆ ಕಣ್ಣಿತ್ತು. ಅಮ್ಮ ಫೋನಿನಲ್ಲೇ ತಳ್ಳಿಹಾಕಿದರು: "ಶುಭಕಾರ್ಯಕ್ಕೆ ಕಪ್ಪೇ? ವಕೀಲನೂ ಅಲ್ಲ, ಏನೂ ಅಲ್ಲ." ವಿದೇಶದ ಉಪದೇಶಕರೂ ಮೊದಲ ಸೂಟು ಕಡುನೀಲಿಯೇ ಇರಲಿ ಎನ್ನುತ್ತಾರೆ. ಈ ಒಂದು ವಿಷಯದಲ್ಲಿ ಅಮ್ಮನಿಗೂ ಅವರಿಗೂ ಒಮ್ಮತವಾದದ್ದು ನನಗೆ ಅನುಕೂಲವಾಯಿತು.

ಮೊದಲ ಟ್ರಯಲ್ ಫೆಬ್ರವರಿಯ ಒಂದು ಭಾನುವಾರ. ಕೋಟು ಎಂದು ಅವರು ನನಗೆ ತೊಡಿಸಿದ್ದು ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ಹಿಡಿದು ನಿಂತ ತುಂಡುಗಳು. ಕಾಲರ್ ಇಲ್ಲ, ಒಂದೇ ತೋಳು. ತೊಟ್ಟು ಕನ್ನಡಿ ನೋಡಿದರೆ ಬೆದರುಗೊಂಬೆ. ಮಾಸ್ಟರ್ ಸುತ್ತ ಒಂದು ಪ್ರದಕ್ಷಿಣೆ ಬಂದರು, ಸೀಮೆಸುಣ್ಣದಲ್ಲಿ ಎರಡು ಕಡೆ ಗೀಚಿದರು, ಆಮೇಲೆ ಇದ್ದ ಒಂದು ತೋಳನ್ನೂ ಹಿಡಿದು ಸರಕ್ಕನೆ ಎಳೆದು ಕಿತ್ತರು. ದಾರಗಳು ಪಟಪಟ ಹರಿದವು. ನನ್ನ ಜೀವ ಝಲ್ಲೆಂದಿತು. "ನಿಮ್ಮ ಕೈ ಇನ್ನೂ ಮುಂದಕ್ಕೆ ತೂಗುತ್ತದೆ," ಎಂದು ತೋಳನ್ನು ಒಂದು ಬೆರಳಿನಷ್ಟು ತಿರುಗಿಸಿ ಗುಂಡುಸೂಜಿ ಚುಚ್ಚಿದರು. ತೋಳಿನ ಮೇಲೆ ಅಡ್ಡ ಬಿದ್ದಿದ್ದ ನಾಲ್ಕು ಸುಕ್ಕು ಕಣ್ಣೆದುರೇ ಮಾಯವಾದವು. ಕಿತ್ತದ್ದು ಸಾರ್ಥಕ ಎನಿಸಿತು.

ಕಂಕುಳಲ್ಲಿ ಬಿಗಿಯಾಗಿದೆ, ಸ್ವಲ್ಪ ಸಡಿಲ ಮಾಡಿ ಎಂದು ನಾನು ಕೇಳಿದೆ. ಅವರು ಬೇಡವೆನ್ನಲಿಲ್ಲ. ಮೂಲೆಯಲ್ಲಿ ನೇತುಹಾಕಿದ್ದ ಯಾರದೋ ಹಳೆಯ ಕೋಟನ್ನು, ಕಂಕುಳು ಧಾರಾಳವಾಗಿದ್ದದ್ದನ್ನು, ತೊಡಿಸಿ, "ಅಕ್ಷತೆ ಹಾಕಿ ನೋಡಿ," ಎಂದರು. ಕೈಯೆತ್ತಿ, ಎದುರಿಗೆ ವಧೂವರರು ಇದ್ದಾರೆಂದುಕೊಂಡು, ಅಕ್ಷತೆ ಎರಚುವಂತೆ ಮಾಡಿದೆ. ಇಡೀ ಕೋಟು ಕೈಯ ಜೊತೆಗೇ ಎದ್ದು, ಕಾಲರ್ ಕಿವಿಯ ಹತ್ತಿರ ಬಂತು. ಮತ್ತೆ ನನ್ನದನ್ನು ತೊಡಿಸಿ ಅದೇ ಮಾಡಿಸಿದರು. ಕೈ ಮಾತ್ರ ಮೇಲೆ ಹೋಯಿತು, ಕೋಟು ಇದ್ದಲ್ಲೇ ಇತ್ತು. ಕಂಕುಳಿನ ಕತ್ತರಿಕೆ ಮೇಲಕ್ಕಿದ್ದಷ್ಟೂ ಕೈ ಸ್ವತಂತ್ರ. ಕೆಳಗಿಳಿದಷ್ಟೂ ಕೈಯೆತ್ತಿದರೆ ಪಕ್ಕೆಯ ಬಟ್ಟೆಯೆಲ್ಲ ಹಿಂಬಾಲಿಸಿ ಬರುತ್ತದೆ. ಆಮೇಲೆ ಕೈಮುಗಿಸಿದರು. ನೆಲದ ಮೇಲೆ ಕೂತು ಎಲೆಯ ಮುಂದೆ ಬಾಗಿದಂತೆ ಬಾಗಿಸಿದರು. ಮದುವೆಯಲ್ಲಿ ಗಂಡಸು ಮಾಡುವ ಕೆಲಸಗಳೆಲ್ಲ ಆ ಕೋಣೆಯಲ್ಲಿ ಮುಗಿದವು, ದಕ್ಷಿಣೆ ಕೊಡುವುದೊಂದು ಬಿಟ್ಟು.

ಗುಳ್ಳೆಯ ರಹಸ್ಯ ತಿಳಿದದ್ದು ಎರಡನೆಯ ಸಲ ಹೋದಾಗ. ಕೋಟಿನ ಎದೆಗೆ ಆಕಾರ ಕೊಡಲು ಬಟ್ಟೆಗೂ ಅಸ್ತರಿಗೂ ನಡುವೆ ಇನ್ನೊಂದು ಪದರ ಇರುತ್ತದೆ. ಅಗ್ಗದ ರೆಡಿಮೇಡಿನಲ್ಲಿ ಅದನ್ನು ಶಾಖ ಕೊಟ್ಟು ಗೋಂದಿನಿಂದ ಅಂಟಿಸಿಬಿಡುತ್ತಾರೆ. ಇವರು ಅದಕ್ಕೆ ಪೇಸ್ಟಿಂಗ್ ಎನ್ನುತ್ತಾರೆ. ನೀರು, ಬಿಸಿ ಹೆಚ್ಚಾದರೆ ಗೋಂದು ಅಲ್ಲಲ್ಲಿ ಬಿಡುತ್ತದೆ, ಬಿಟ್ಟಲ್ಲಿ ಗುಳ್ಳೆ. ಹಳೆಯ ಕ್ರಮದಲ್ಲಿ ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸನ್ನು ಸೂಜಿಯಿಂದಲೇ ನಿಲ್ಲಿಸುತ್ತಾರೆ. ಕೆಳಗಿನ ಕಾಜಾದ ಹತ್ತಿರ ಬಟ್ಟೆಯನ್ನು ಎರಡೂ ಕಡೆಯಿಂದ ಚಿವುಟಿ ಬೇರೆ ಮಾಡಿ ನೋಡಿದರೆ, ನಡುವೆ ಮೂರನೆಯ ಪದರ ಬಿಡಿಯಾಗಿ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಅಂಟಿಸಿದ್ದು. ಅಂದು ಮಾಸ್ಟರ್ ನನ್ನ ಕೋಟಿನ ಲ್ಯಾಪೆಲ್, ಅಂದರೆ ಕಾಲರಿನಿಂದ ಇಳಿದು ಎದೆಯ ಮೇಲೆ ಮಡಚಿಕೊಳ್ಳುವ ಪಟ್ಟಿಯನ್ನು, ಹೊಲಿಯುತ್ತಿದ್ದರು. ಬಟ್ಟೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿರಲಿಲ್ಲ. ಎಡಗೈಯ ತೋರುಬೆರಳಿನ ಮೇಲೆ ಬಾಗಿಸಿ ಹಿಡಿದು, ಕ್ಯಾನ್ವಾಸಿನಿಂದ ಬಟ್ಟೆಯ ಒಂದೆರಡು ನೂಲನ್ನು ಮಾತ್ರ ತಾಗುವಂತೆ ಓರೆಯ ಸಣ್ಣ ಹೊಲಿಗೆಗಳನ್ನು ಸಾಲು ಸಾಲಾಗಿ ಹಾಕುತ್ತಿದ್ದರು. ಹೀಗೆ ಬಾಗಿಸಿಕೊಂಡೇ ಹೊಲಿದರೆ ಬಟ್ಟೆ ಆ ಬಾಗನ್ನು ಮರೆಯುವುದಿಲ್ಲವಂತೆ. ಅರ್ಧ ಗಂಟೆ ನೋಡುತ್ತ ಕೂತೆ. ಅಷ್ಟರಲ್ಲಿ ಮೂರು ಬೆರಳಗಲ ಮುಗಿದಿತ್ತು. ಇದಕ್ಕೆ ಅವರು ಕೇಳಿದ ಕೂಲಿ ಕೋಟು, ಪ್ಯಾಂಟು ಸೇರಿ ಒಂಬತ್ತು ಸಾವಿರ. ಚೌಕಾಸಿ ಮಾಡಬೇಕೆಂದು ಮನೆಯಿಂದ ಸಿದ್ಧವಾಗಿ ಹೋದವನು ಬಾಯಿ ಮುಚ್ಚಿಕೊಂಡು ಬಂದೆ.

ಅದೇ ದಿನ ಅವರಿಗೆ ನನ್ನ ತಾತನ ಚಿತ್ರವನ್ನು ತೋರಿಸಿದೆ. ತಾತ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. 1923ರಲ್ಲಿ ಉತ್ಪಾದನೆ ಶುರುವಾದ ಆ ಕಾರ್ಖಾನೆಯ ಹಿಂದೆ ಇದ್ದದ್ದು ವಿಶ್ವೇಶ್ವರಯ್ಯನವರು. ಅವರ ಯಾವ ಚಿತ್ರ ನೋಡಿದರೂ ಕೋಟು, ಟೈ, ಮೈಸೂರು ಪೇಟ, ಎಲ್ಲವೂ ಅಚ್ಚುಕಟ್ಟು. ಅವರ ಮಾದರಿಯಿಂದಲೋ ಕಾಲದ ರೂಢಿಯಿಂದಲೋ, ತಾತನೂ ಕಚ್ಚೆ ಪಂಚೆಯ ಮೇಲೆ ಕೊರಳು ಮುಚ್ಚುವ ಕರಿ ಕೋಟು ತೊಟ್ಟೇ ಕೆಲಸಕ್ಕೆ ಹೋಗುತ್ತಿದ್ದರಂತೆ. ಮಾಸ್ಟರ್ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ, ಬಹಳ ಹೊತ್ತು ನೋಡಿದರು.

"ಇದು ತಿರುವಿ ಹೊಲಿದ ಕೋಟು."

ನನಗೆ ಅರ್ಥವಾಗಲಿಲ್ಲ. ಮೇಲಿನ ಜೇಬು ಎಲ್ಲಿದೆ ನೋಡಿ ಎಂದರು. ಬಲಗಡೆ ಇತ್ತು. ಗಂಡಸರ ಕೋಟಿನಲ್ಲಿ ಅದು ಎಡಗಡೆ ಇರಬೇಕು. ಚಿತ್ರವೇ ಉಲ್ಟಾ ಮುದ್ರಣವಾಗಿರಬಹುದಲ್ಲ ಎಂದು ನಾನು ಲೆಕ್ಕಿಗನ ಬುದ್ಧಿ ತೋರಿಸಿದೆ. "ಕೈಗಡಿಯಾರ ಎಡಗೈಯಲ್ಲೇ ಇದೆಯಲ್ಲ," ಎಂದರು. ಆ ಕಾಲದಲ್ಲಿ ಕೋಟಿನ ಹೊರಮೈ ಬಣ್ಣಗೆಟ್ಟು ಸವೆದರೆ ಪೂರ್ತಿ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿಸುತ್ತಿದ್ದರು; ಆಗ ಎಡಜೇಬು ಬಲಕ್ಕೆ ಬಂದುಬಿಡುತ್ತದೆ, ಗುಂಡಿಯ ಪಟ್ಟಿಯೂ ಅದಲುಬದಲು. ಬೆಂಗಳೂರಿನಲ್ಲಿ ಹುಡುಗನಾಗಿದ್ದಾಗ ಅಂಥ ಎಷ್ಟೋ ಕೋಟುಗಳನ್ನು ಬಿಚ್ಚಿದ್ದೇನೆ ಎಂದರು. ನಮ್ಮ ನಡುಮನೆಯ ಗೋಡೆಯ ಮೇಲೆ ಆ ಚಿತ್ರ ನಾನು ಹುಟ್ಟುವ ಮೊದಲಿನಿಂದ ಇದೆ. ತಾತನ ಶಿಸ್ತಿಗೆ ಅದನ್ನೇ ಉದಾಹರಣೆ ಮಾಡಿ ಅಪ್ಪ ನಮ್ಮನ್ನು ಬೈಯುತ್ತಿದ್ದರು. ಒಂದೇ ಕೋಟನ್ನು ಎರಡು ಮೈಯಲ್ಲೂ ತೊಟ್ಟು ಮುಗಿಸಿದ ಸಂಗತಿ ಅಪ್ಪನಿಗೂ ಗೊತ್ತಿರಲಾರದು. ಅಂದು ಬಸ್ಸಿನಲ್ಲಿ ಉಪದೇಶ ಓದಲಿಲ್ಲ, ಆ ಚಿತ್ರವನ್ನೇ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಬಂದೆ.

ಏಪ್ರಿಲ್ ಕೊನೆಗೆ ಕೋಟು ಕೈಗೆ ಬಂತು. ಕೊಡುವಾಗ ಮಾಸ್ಟರ್ ಹೇಳಿದ್ದು ನಾಲ್ಕೇ ಮಾತು. ಮೇಲಿನ ಗುಂಡಿ ಹಾಕಿ, ಕೆಳಗಿನದನ್ನು ಬಿಡಿ, ಕೂರುವಾಗ ಎರಡನ್ನೂ ಬಿಚ್ಚಿ. ತಂತಿಯ ಹ್ಯಾಂಗರಿಗೆ ಹಾಕಬೇಡಿ. ಪದೇ ಪದೇ ಡ್ರೈಕ್ಲೀನಿಂಗಿಗೆ ಕೊಡಬೇಡಿ, ಬ್ರಷ್ ಹೊಡೆದು ಗಾಳಿಗೆ ಹಾಕಿ. ಕೊನೆಯದನ್ನು ಹೇಳುವಾಗ ನನ್ನ ಹೊಟ್ಟೆಯ ಕಡೆ ನೋಡಿದರು: "ಪಕ್ಕೆಯಲ್ಲಿ ಬಟ್ಟೆ ಬಿಟ್ಟಿದ್ದೇನೆ. ಇಳಿದರೂ ಬನ್ನಿ, ಏರಿದರೂ ಬನ್ನಿ." ಬಲಭುಜದ ಒಳಗೆ ಹತ್ತಿಯ ಪ್ಯಾಡು ಒಂದು ಪದರ ಹೆಚ್ಚಿದೆ. ತೊಟ್ಟಾಗ ಕನ್ನಡಿಯಲ್ಲಿ ಎರಡು ಭುಜವೂ ಸಮ. ಬಿಚ್ಚಿ ಹ್ಯಾಂಗರಿಗೆ ಹಾಕಿದರೆ ಕೋಟೇ ಸ್ವಲ್ಪ ಸೊಟ್ಟಗೆ ಕಾಣುತ್ತದೆ.

ಟೈ ಕಟ್ಟುವುದನ್ನು ಕಲಿತದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದೆ ತೊಟ್ಟದ್ದು ಎಲಾಸ್ಟಿಕ್ಕಿನದು, ಮಗನ ಶಾಲೆಯ ಟೈಯ ಹಾಗೆ. ನಿಜವಾದದ್ದನ್ನು ಕಟ್ಟಿ, ಅದರ ತುದಿ ಬೆಲ್ಟಿನ ಬಕಲ್ಲಿಗೆ ಸರಿಯಾಗಿ ಬಂದು ನಿಲ್ಲಲು ಒಂದು ವಾರ ಹಿಡಿಯಿತು.

ಆರತಕ್ಷತೆಯ ಸಂಜೆ ಸೆಖೆ ಇತ್ತು, ಆದರೆ ತಡೆಯುವಷ್ಟು. ಎಲ್ಲವನ್ನೂ ಯೋಚಿಸಿದ್ದ ನಾನು ಒಂದನ್ನು ಮರೆತಿದ್ದೆ. ನಮ್ಮವರಲ್ಲಿ ಹಿರಿಯರು ಆರತಕ್ಷತೆಯಲ್ಲೂ ಅಕ್ಷತೆ ಹಾಕಿಯೇ ವೇದಿಕೆ ಇಳಿಯುವುದು. ಅಕ್ಷತೆ ಎಂದರೆ ಪಾದರಕ್ಷೆ ಬಿಡಬೇಕು. ಸಂಜೆ ಹೊತ್ತಿನಲ್ಲಿ ಆರಿಸಿ ಕೊಂಡು, ಮೂರು ದಿನ ಪಾಲಿಶ್ ಹಾಕಿ ಮುಖ ಕಾಣುವಂತೆ ತಿಕ್ಕಿದ್ದ ಕಂದು ಬೂಟನ್ನು ಮೆಟ್ಟಿಲ ಬಳಿ ಬಿಚ್ಚಿದೆ. ಬಲಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿ ಹೊರಗೆ ಬಂದಿತ್ತು. ಹಿಂದೆ ಸಾಲು ನಿಂತಿತ್ತು, ತಿರುಗುವಂತಿರಲಿಲ್ಲ. ಎಡಪಾದವನ್ನು ಬಲಪಾದದ ಮೇಲಿಟ್ಟುಕೊಂಡು ಕೊಕ್ಕರೆಯ ಹಾಗೆ ನಿಂತು ಕೈಯೆತ್ತಿ ಅಕ್ಷತೆ ಹಾಕಿದೆ. ಕಾಲರ್ ಕದಲಲಿಲ್ಲ. ಮದುಮಗಳು ಮೊದಲು ನನ್ನ ಎಡತೋಳು ನೋಡಿದಳು, ಆಮೇಲೆ ಕಾಲು ನೋಡಿದಳು, ಬಗ್ಗಿ ನಮಸ್ಕಾರ ಮಾಡುವ ನೆಪದಲ್ಲಿ ನಗು ಮುಚ್ಚಿಕೊಂಡಳು.

ಮರುದಿನ ಪಂಚೆ ಉಟ್ಟೆ. ಅಳತೆ ಬೇಡ, ಟ್ರಯಲ್ ಬೇಡ, ಭುಜ ಮೇಲೋ ಕೆಳಗೋ ಅದಕ್ಕೆ ಗೊಡವೆಯಿಲ್ಲ.

ಮದುವೆ ಮುಗಿದು ಎರಡು ವಾರಕ್ಕೆ, ಹೇಳಿದ್ದಂತೆ, ಕೋಟನ್ನು ಮಾಸ್ಟರ್ ಹತ್ತಿರ ತೆಗೆದುಕೊಂಡು ಹೋದೆ. ಒಮ್ಮೆ ತೊಟ್ಟು ಬೆವೆತ ಮೇಲೆ ಬಟ್ಟೆ ಮೈಗೆ ಹೇಗೆ ಹೊಂದಿಕೊಂಡಿದೆ ಎಂದು ನೋಡಬೇಕು ಎಂದಿದ್ದರು. ಜೇಬುಗಳನ್ನು ಹೊರಗೆಳೆದು ಕೊಡವಿದರು. ಮೇಜಿನ ಮೇಲೆ ಹತ್ತಿಪ್ಪತ್ತು ಹಳದಿ ಅಕ್ಕಿಕಾಳು ಉದುರಿದವು. ತೋಳಿನ ಹತ್ತಿರ ಒಂದು ಕಲೆಯನ್ನು ಉಗುರಿನಿಂದ ಕೆರೆದು, "ಸಾರೋ?" ಎಂದರು. ತೊವ್ವೆ ಎಂದೆ. ತೊಡಿಸಿ, ಚಿನ್ನದ ಬೆಲೆಯ ಬಗ್ಗೆ ಮಾತಿಗೆಳೆದು, ಹಿಂದೆ ನಿಂತು ನೋಡಿದರು.

ಮೂರು ತಿಂಗಳಿಂದ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡಿದ್ದೇನೆ, ಭುಜ ಏನಾದರೂ ಮೇಲೆ ಬಂದಿದೆಯೇ ಎಂದು ಕೇಳಿದೆ. ಅವರು ಟೇಪನ್ನು ಮುಟ್ಟಲೂ ಇಲ್ಲ.

"ಇಪ್ಪತ್ತು ವರ್ಷ ಇಳಿಸಿದ್ದೀರಿ. ಇಷ್ಟು ಬೇಗ ಏಳುತ್ತದೆಯೇ? ಆ ಪ್ಯಾಡು ಅಲ್ಲೇ ಇರಲಿ."

ಅಕ್ಕಿಕಾಳುಗಳನ್ನು ಒಂದು ಕಾಗದದಲ್ಲಿ ಒಟ್ಟುಮಾಡಿ ಕಿಟಕಿಯ ಸಜ್ಜೆಯ ಮೇಲೆ ಸುರಿದು ಬಂದರು. ಎರಡು ಗುಬ್ಬಿ ಬಂದು ಕೂತವು. ಬೂದು ಬಣ್ಣದ ಒಂದು ಪ್ಯಾಂಟು ಹೊಲಿದು ಕೊಡುತ್ತೀರಾ ಎಂದು ಕೇಳಿದೆ. ದಸರೆ ಕಳೆಯಲಿ ಎಂದರು.